ಶನಿವಾರದ ಚುಕ್ಕೆ

ನಾನು ಈವರೆಗೆ ಹೇಳಿರುವ ಸುಳ್ಳುಗಳಲ್ಲಿ ಅತ್ಯಂತ ಅಂದವಾದದ್ದು ಒಂದು ಗ್ರಾಫ್ ಹಾಳೆಯ ಮೇಲಿತ್ತು. ಉಳಿದವೆಲ್ಲ ನೀವೂ ಹೇಳಿರಬಹುದಾದ ಸಾಮಾನ್ಯ ಸುಳ್ಳುಗಳು. ಐದೇ ನಿಮಿಷ, ಬಂದುಬಿಟ್ಟೆ ಅನ್ನುವುದು. ಫೋನು ಸೈಲೆಂಟಿನಲ್ಲಿತ್ತು ಅನ್ನುವುದು. ಉಪ್ಪಿಲ್ಲದ ಸಾರನ್ನು ಚಪ್ಪರಿಸಿ, ಇವತ್ತು ಬಹಳ ಚೆನ್ನಾಗಿದೆ ಅನ್ನುವುದು. ಇವುಗಳನ್ನು ಹೇಳುವಾಗ ನನ್ನ ಕಣ್ಣು ಅತ್ತಿತ್ತ ಓಡುತ್ತದೆ, ಹೆಂಡತಿ ಸವಿತಳಿಗೆ ತಕ್ಷಣ ಗೊತ್ತಾಗುತ್ತದೆ, ಬೈಗುಳ ತಿಂದು ಅಲ್ಲಿಗೆ ಲೆಕ್ಕ ಚುಕ್ತಾ. ಆದರೆ ಗ್ರಾಫ್ ಹಾಳೆಗೆ ಕಣ್ಣಿಲ್ಲ, ಬಾಯಿಲ್ಲ. ಅದರ ಮೇಲೆ ಹೇಳಿದ ಸುಳ್ಳು ನೀಲಿ ಶಾಯಿಯಲ್ಲಿ ಸಾಲಾಗಿ ಕೂತು, ಬಂದವರಿಗೆಲ್ಲ ಕೈಮುಗಿಯುತ್ತಿತ್ತು. ನೋಡಿದವರು ಒಪ್ಪವಾಗಿದೆ ಅನ್ನುತ್ತಿದ್ದರು. ನಾನೂ ಎಷ್ಟೋ ಸಲ ಅದರ ಮುಂದೆ ನಿಂತು, ಎಷ್ಟು ಒಪ್ಪವಾಗಿದೆ ಅಂದುಕೊಂಡಿದ್ದೇನೆ.

ನನ್ನ ಕಸುಬು ರಕ್ತ ಪರೀಕ್ಷೆ. ಕೃಷ್ಣರಾಜಪೇಟೆಯ ಬಸ್ ನಿಲ್ದಾಣದ ಹತ್ತಿರ, ಒಂದು ಬೇಕರಿಯ ಮಾಳಿಗೆಯ ಮೇಲೆ ನನ್ನ ಪುಟ್ಟ ಲ್ಯಾಬು ಇದೆ. ಎರಡು ಕೋಣೆ, ಒಂದು ಬೆಂಚು, ಒಂದು ಫ್ರಿಜ್ಜು, ಒಂದು ಯಂತ್ರ. ಹಳ್ಳಿಗಳಿಂದ ಬರುವ ಮೊದಲ ಬಸ್ಸುಗಳಲ್ಲಿ ನನ್ನ ಗಿರಾಕಿಗಳು ಇಳಿಯುತ್ತಾರೆ. ಸಕ್ಕರೆ ಕಾಯಿಲೆಯವರೇ ಹೆಚ್ಚು, ಎಲ್ಲರದ್ದೂ ಖಾಲಿ ಹೊಟ್ಟೆ. ಅವರು ಬಂದು ಬೆಂಚಿನ ಮೇಲೆ ಕೂರುವುದಕ್ಕೂ, ಕೆಳಗಿನ ಬೇಕರಿಯವರು ಮೊದಲ ತಟ್ಟೆ ಬನ್ನನ್ನು ಒಲೆಯಿಂದ ಹೊರಗೆ ತೆಗೆಯುವುದಕ್ಕೂ ಸರಿಹೋಗುತ್ತದೆ. ಆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಬೆಂಚಿನ ಮೇಲೆ ಕೂತವರ ಮುಖ ನೋಡಬೇಕು. ಎಂಥ ಸಾಧುಗಳೂ ಜಗಳಗಂಟರಾಗುತ್ತಾರೆ. "ಬೇಗ ಸೂಜಿ ಚುಚ್ಚಿ ಕಳ್ಸಯ್ಯ, ಪ್ರಾಣ ಓಯ್ತದೆ" ಎಂದು ನನ್ನ ಮೇಲೆ ಎಗರುತ್ತಾರೆ. ನನ್ನ ಎಲ್ಲ ಪಾಪಕ್ಕೂ ಆ ಬನ್ನಿನ ವಾಸನೆಯೇ ಮೂಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಯಾಕೆ ಅಂತ ಹೇಳುತ್ತೇನೆ. ಜನರ ರಕ್ತವನ್ನು ಯಂತ್ರಕ್ಕೆ ಹಾಕುವ ಮೊದಲು, ದಿನಾ ಬೆಳಗ್ಗೆ ಆ ಯಂತ್ರಕ್ಕೇ ಒಂದು ಪರೀಕ್ಷೆ ಇಡಬೇಕು. ಅದಕ್ಕೆಂದೇ ಒಂದು ಸಣ್ಣ ಸೀಸೆಯಲ್ಲಿ ಕಂಟ್ರೋಲ್ ಎನ್ನುವ ದ್ರವ ಬರುತ್ತದೆ. ಅದರಲ್ಲಿ ಸಕ್ಕರೆ ನೂರು ಇದೆ ಎಂದು ನಮಗೆ ಮೊದಲೇ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಯಂತ್ರವೂ ನೂರರ ಆಸುಪಾಸು ಹೇಳಿದರೆ ಪಾಸು. ಮೊದಲು ಇಪ್ಪತ್ತು ದಿನ ಹೀಗೆ ಅಳೆದು ಸರಾಸರಿ ತೆಗೆಯಬೇಕು. ಆಮೇಲೆ ಆ ಸರಾಸರಿಯ ಸುತ್ತ ದಿನದಿನದ ನಂಬರು ಸಾಮಾನ್ಯವಾಗಿ ಎಷ್ಟು ದೂರ ಅಲೆದಾಡುತ್ತದೆ ಎಂದು ಲೆಕ್ಕ ಹಾಕಬೇಕು. ಇದಕ್ಕೆ ನಮ್ಮವರು ಎಸ್‌ಡಿ ಅನ್ನುತ್ತಾರೆ. ಗ್ರಾಫ್ ಹಾಳೆಯ ನಡುವೆ ಸರಾಸರಿಯ ಗೆರೆ, ಅದರ ಮೇಲೆ ಕೆಳಗೆ ಎಸ್‌ಡಿಯ ಗೆರೆಗಳು. ದಿನಕ್ಕೊಂದು ಚುಕ್ಕೆ. ಚುಕ್ಕೆ ಎರಡು ಎಸ್‌ಡಿಯೊಳಗೆ ಅಡ್ಡಾಡಿಕೊಂಡಿದ್ದರೆ ಚಿಂತೆಯಿಲ್ಲ. ಮೂರು ದಾಟಿ ಹೊರಗೆ ಹೋದರೆ ಅಂಗಡಿ ಮುಚ್ಚಿ ಯಂತ್ರ ರಿಪೇರಿ ಮಾಡಬೇಕು. ದಿನಗಟ್ಟಲೆ ಒಂದೇ ಕಡೆಗೆ ವಾಲುತ್ತಾ ಹೋದರೂ ಏನೋ ಕೆಟ್ಟಿದೆ ಎಂದೇ ಅರ್ಥ. ಇದನ್ನೆಲ್ಲ ಶ್ರೀರಂಗಪಟ್ಟಣದಲ್ಲಿ ಒಂದು ದಿನದ ತರಬೇತಿಯಲ್ಲಿ ನನಗೆ ಹೇಳಿಕೊಟ್ಟಿದ್ದರು. ಊಟದ ಹೊತ್ತಿಗೆ ಸರಿಯಾಗಿ ಎಸ್‌ಡಿ ಶುರುವಾದದ್ದರಿಂದ ಅರ್ಧ ನನ್ನ ತಲೆಗೆ ಹೋಯಿತು, ಇನ್ನರ್ಧ ಪಲ್ಯದ ಕಡೆಗೆ ಹೋಯಿತು.

ಉಳಿದರ್ಧವನ್ನು ನನಗೆ ಕಲಿಸಿದವಳು ಸವಿತ. ಒಂದು ಭಾನುವಾರ ಅವಳು ಕಟ್ಟಿದ ಆರು ಮುದ್ದೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದೆ. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ಗ್ರಾಮಿನ ವ್ಯತ್ಯಾಸವಷ್ಟೆ. ನಾನೂ ಮಾಡುತ್ತೇನೆ ಎಂದು ಹಟ ಹಿಡಿದು, ಆರನ್ನೂ ಮತ್ತೆ ಒಂದು ಮಾಡಿ, ಕೈಸುಟ್ಟುಕೊಂಡು ನಾನೇ ಆರು ಕಟ್ಟಿದೆ. ಒಂದು ನಿಂಬೆಹಣ್ಣಿನಷ್ಟು, ಒಂದು ತೆಂಗಿನಕಾಯಿಯಷ್ಟು, ಮಿಕ್ಕವು ನಡುವೆ ಎಲ್ಲೋ. ಆದರೂ ಲೆಕ್ಕ ನನ್ನ ಪರವಾಗಿಯೇ ಇತ್ತು. ಅದೇ ಹಿಟ್ಟು, ಅದೇ ಆರು. "ನೋಡು, ನಿಂದೂ ನಂದೂ ಸರಾಸರಿ ಒಂದೇ" ಅಂದೆ. "ಅಂಗಾದ್ರೆ ಆ ಸರಾಸರಿನೇ ಉಣ್ಣಿ" ಎಂದು ಅವಳು ನಿಂಬೆಹಣ್ಣನ್ನು ನನ್ನ ತಟ್ಟೆಗೆ ಹಾಕಿದಳು. ಸರಾಸರಿ ಒಂದೇ ಆದರೆ ಸಾಲದು, ಎಸ್‌ಡಿ ಅನ್ನುವುದು ಯಾಕೆ ಬೇಕು ಎಂದು ಅವತ್ತು ಅರ್ಧ ಹೊಟ್ಟೆಯಲ್ಲಿ ಪೂರ್ತಿ ಅರ್ಥವಾಯಿತು.

ಅರ್ಥವಾದದ್ದನ್ನು ಮಾಡಬೇಕಲ್ಲ, ಅದೇ ಕಷ್ಟ. ಕಂಟ್ರೋಲನ್ನು ಫ್ರಿಜ್ಜಿನಿಂದ ತೆಗೆದು, ಕೋಣೆಯ ಬಿಸಿಗೆ ಬರುವವರೆಗೆ ಕಾದು, ಮೆಲ್ಲಗೆ ಅಲ್ಲಾಡಿಸಿ, ಯಂತ್ರಕ್ಕೆ ಹಾಕಿ ಉತ್ತರಕ್ಕೆ ಕಾಯುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಅಷ್ಟರಲ್ಲಿ ಬೆಂಚು ತುಂಬಿ, ಬನ್ನಿನ ವಾಸನೆ ಮೇಲೆ ಬಂದು, ಗಲಾಟೆ ಶುರುವಾಗಿರುತ್ತದೆ. ಒಂದು ದಿನ ಪರೀಕ್ಷೆ ಬಿಟ್ಟೆ. ನಿನ್ನೆ ನೂರೊಂದು ಬಂದಿತ್ತು, ಇವತ್ತು ಇನ್ನೆಷ್ಟು ಬಂದೀತು ಎಂದು ನಾನೇ ಒಂದು ಚುಕ್ಕೆ ಇಟ್ಟೆ. ಆಕಾಶ ಬೀಳಲಿಲ್ಲ. ಮರುವಾರ ಎರಡು ದಿನ ಬಿಟ್ಟೆ. ಆಮೇಲಾಮೇಲೆ ಕಂಟ್ರೋಲಿನ ಸೀಸೆ ಫ್ರಿಜ್ಜಿನ ಒಳಗೆ ತಣ್ಣಗೆ ನಿದ್ದೆ ಹೋಯಿತು. ನಾನು ಬೆಳಗ್ಗೆ ಕೆಳಗಿನ ಬೇಕರಿಯಿಂದ ಸಿಹಿ ಕೊಬ್ಬರಿ ತುಂಬಿದ ಒಂದು ತುಂಡು ದಿಲ್‌ಪಸಂದು ತಂದುಕೊಂಡು, ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಚುಕ್ಕೆ ಇಡುತ್ತಿದ್ದೆ. ಒಂದು ಗೆರೆಗಿಂತ ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಪೂರಾ ಗೆರೆಯ ಮೇಲೇ ಇಟ್ಟರೆ ಯಾರಿಗಾದರೂ ಅನುಮಾನ ಬಂದೀತು ಎನ್ನುವಷ್ಟು ಬುದ್ಧಿ ನನಗಿತ್ತು. ಕೊನೆಕೊನೆಗೆ ಸೋಮವಾರ ಒಂದೇ ಸಲಕ್ಕೆ ವಾರದ ಆರೂ ಚುಕ್ಕೆಗಳನ್ನು ಇಟ್ಟು ಕೈತೊಳೆದುಕೊಳ್ಳುತ್ತಿದ್ದೆ.

ಇಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಎರಡು ತಿಂಗಳಾದ ಮೇಲೆ ನಾನು ಆ ಚುಕ್ಕೆಗಳನ್ನೆಲ್ಲ ಕೂಡಿಸಿ ಹೊಸದಾಗಿ ಸರಾಸರಿ, ಎಸ್‌ಡಿ ತೆಗೆದೆ. ಮೊದಲು ನಿಜವಾಗಿ ಅಳೆದಾಗ ಎಸ್‌ಡಿ ಮೂರು ಇತ್ತು. ಈಗ ಒಂದಕ್ಕೆ ಇಳಿದಿತ್ತು! ನನಗೆ ಹೆಮ್ಮೆಯೋ ಹೆಮ್ಮೆ. ನನ್ನದೇ ಸುಳ್ಳುಗಳ ಸರಾಸರಿ ತೆಗೆದು, ನನ್ನ ಯಂತ್ರ ಎಷ್ಟು ಸುಧಾರಿಸಿದೆ ಎಂದು ಸಂತೋಷಪಟ್ಟ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹೊಸ ಹಾಳೆಯಲ್ಲಿ ಗೆರೆಗಳನ್ನು ಇನ್ನೂ ಹತ್ತಿರ ಹತ್ತಿರ ಎಳೆದು, ಸರಾಸರಿಗೆ ಹಸಿರು, ಎಸ್‌ಡಿಗೆ ಕೆಂಪು ಬಣ್ಣ ಹಚ್ಚಿ, ಲಕ್ಷ್ಮಿಯ ಕ್ಯಾಲೆಂಡರಿನ ಕೆಳಗೆ ಗೋಡೆಗೆ ಅಂಟಿಸಿದೆ. ಬೆಂಚಿನ ಮೇಲೆ ಕೂತವರಿಗೆ ನೇರ ಎದುರಿಗೆ ಕಾಣುವ ಹಾಗೆ.

ಈಗ ನನ್ನ ಅತ್ತೆಯವರ ವಿಷಯಕ್ಕೆ ಬರಬೇಕು. ಸವಿತಳ ತಾಯಿ ಕೆಂಪಮ್ಮನವರು ಪಾಂಡವಪುರದ ಹತ್ತಿರದ ಹಳ್ಳಿಯವರು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಗೌರಿ ಎಂಬ ಹಸುವನ್ನು ಮಾತ್ರ ಬೇರೆಯವರ ಕೈಗೆ ಕೊಡುವುದಿಲ್ಲ. ಎರಡು ಹೊತ್ತೂ ತಾವೇ ಕರೆದು, ತಾವೇ ಡೇರಿಗೆ ಹಾಲು ಹಾಕಿ ಬರುವ ಹೆಂಗಸು. ಓದಿದ್ದು ಮೂರನೇ ಕ್ಲಾಸಾದರೂ ಡೇರಿಯ ಕಾರ್ಡಿನಲ್ಲಿ ತಾರೀಖು, ಲೀಟರು, ಫ್ಯಾಟು ಓದಿ ಓದಿ ನಂಬರಿನ ವಿಷಯದಲ್ಲಿ ಅವರನ್ನು ಯಾರೂ ಯಾಮಾರಿಸುವ ಹಾಗಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ಅಳಿಯನ ಲ್ಯಾಬಿಗೇ ಬರಬೇಕು, ಬೇರೆ ಕಡೆ ಕೈ ಚಾಚುವುದಿಲ್ಲ. ಬರುವಾಗ ನಮಗೊಂದು ಕ್ಯಾನು ಹಾಲು, ಕಾಲ ಬಂದರೆ ಒಂದು ಚೀಲ ಅವರೆಕಾಯಿ.

ಮಾತ್ರೆ ತೆಗೆದುಕೊಂಡು ಅವರ ಸಕ್ಕರೆ ಖಾಲಿ ಹೊಟ್ಟೆಯಲ್ಲಿ ನೂರೈವತ್ತರ ಹತ್ತಿರ ನಿಂತಿತ್ತು. ಇದ್ದಕ್ಕಿದ್ದಂತೆ ಒಂದು ಸಲ ನೂರ ಎಪ್ಪತ್ತೊಂದು ಬಂತು. ಮುಂದಿನ ಸಲ ನೂರ ತೊಂಬತ್ತಮೂರು. ಡಾಕ್ಟರು ಚೀಟಿ ನೋಡಿ, ಮುಂದಿನ ಸಲವೂ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಬೇಕಾಗುತ್ತದೆ ಅಂದರು. ದಿನಾ ಹೊಟ್ಟೆಗೆ ಸೂಜಿ. ಒದೆಯುವ ಹಸುವಿಗೆ ಹೆದರದ ಅತ್ತೆ ಸೂಜಿ ಅಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವವರು. ಅವತ್ತು ನಮ್ಮ ಮನೆಗೆ ಬಂದವರು ಸೆರಗು ತೆಗೆಯದೆ ಮೂಲೆ ಹಿಡಿದು ಕೂತರು.

ನಾನು ಸುಮ್ಮನಿರಬೇಕಿತ್ತು. ಆದರೆ ಅಳಿಯ, ಮೇಲಾಗಿ ಲ್ಯಾಬಿನವನು, ಸುಮ್ಮನಿರುವುದು ಹೇಗೆ? "ಅತ್ತೆ, ಏನು ತಿಂತಿದೀರಿ ನಿಜ ಹೇಳಿ" ಅಂದೆ.

"ಅರ್ಧ ಮುದ್ದೆ ಕಣ್ರಪ್ಪ. ಬೆಲ್ಲದ ಡಬ್ಬ ಮುಟ್ಟೇ ಇಲ್ಲ. ನಮ್ ಗೌರಿ ಮ್ಯಾಲಾಣೆ."

"ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ಮನುಷ್ಯರು ಸುಳ್ಳು ಹೇಳಬಹುದು, ಯಂತ್ರ ಹೇಳಲ್ಲ ಅತ್ತೆ."

ಈ ಮಾತನ್ನು ನಾನು ಕಾಲಿನ ಮೇಲೆ ಕಾಲು ಹಾಕಿಕೊಂಡು ಹೇಳಿದೆ ಎನ್ನುವುದನ್ನು ಸವಿತ ಈಗಲೂ ಜ್ಞಾಪಿಸುತ್ತಾಳೆ. ಅತ್ತೆ ಕಣ್ಣಲ್ಲಿ ನೀರು ತುಂಬಿಕೊಂಡರು. ಸವಿತ ಕೂಡ ಅಮ್ಮನ ಚೀಲ ತಡಕಾಡಿ, "ಯಾರ್ ಮನೇಲಿ ಒಬ್ಬಟ್ಟು ತಿಂದೆ ಯೋಳವ್ವಾ" ಎಂದು ಪೊಲೀಸಿನವರಂತೆ ಕೇಳಿದಳು. ಹಸುವಿನ ಮೇಲೆ ಆಣೆ ಇಟ್ಟವರನ್ನು ಮಗಳೂ ಅಳಿಯನೂ ಸೇರಿ ಕಳ್ಳಿ ಮಾಡಿ ಬಸ್ಸು ಹತ್ತಿಸಿದೆವು.

ಮತ್ತೆ ಹದಿನೈದು ದಿನ ಕಳೆದು, ಒಂದು ಗುರುವಾರ ಬೆಳಗ್ಗೆ ಅತ್ತೆ ಮೊದಲ ಬಸ್ಸಿಗೇ ಬಂದರು. ಸೊರಗಿದ್ದರು. ಬೆಂಚಿನ ಮೇಲೆ ಇದ್ದವನು ನನ್ನ ಗೆಳೆಯ ತಮ್ಮಣ್ಣ ಒಬ್ಬನೇ. ಇಬ್ಬರೂ ಒಂದೇ ಸ್ಕೂಲಿನಲ್ಲಿ ಓದಿದವರು. ಈಗ ಅವನಿಗೆ ಟ್ರಾಕ್ಟರಿದೆ, ಹೊಟ್ಟೆಯಿದೆ, ಸಕ್ಕರೆಯೂ ಇದೆ. ನನ್ನ ಲ್ಯಾಬಿನ ಚೀಟಿ ನೋಡಿಯೇ ಒಂದು ತಿಂಗಳಿಂದ ಅವನೂ ಮುದ್ದೆ ಬಿಟ್ಟು ಸೌತೆಕಾಯಿ ಕಡಿಯುತ್ತಿದ್ದ. ನಾನು ಅವನ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಅತ್ತೆ ಎದುರಿನ ಗೋಡೆಯನ್ನೇ ನೋಡುತ್ತಾ ಕೂತಿದ್ದರು.

"ಅಳಿಮಯ್ಯ, ಇದೇನು ಗ್ವಾಡೆ ಮ್ಯಾಲೆ?"

"ಅದು ಯಂತ್ರದ ಪರೀಕ್ಷೆ ಅತ್ತೆ. ದಿನಾ ಬೆಳಗ್ಗೆ ಗೊತ್ತಿರೋ ನಂಬರಿನ ದ್ರವ ಹಾಕಿ, ಯಂತ್ರ ಸರಿಯಾಗಿ ಹೇಳುತ್ತಾ ಅಂತ ನೋಡಿ ಒಂದು ಚುಕ್ಕೆ ಇಡ್ತೀವಿ."

"ಡೇರೀಲಿ ಫ್ಯಾಟ್ ನೋಡ್ತಾರಲ್ಲ, ಅಂಗಾ?"

"ಹೂಂ, ಹಾಗೇ ಅಂತಿಟ್ಟುಕೊಳ್ಳಿ."

ಅತ್ತೆ ಎದ್ದು ಹತ್ತಿರ ಹೋಗಿ ನಿಂತರು. ಡೇರಿ ಕಾರ್ಡು ನೋಡುವಾಗ ಮಾಡುವಂತೆ ಬೆರಳಿಟ್ಟು ಒಂದೊಂದೇ ಚುಕ್ಕೆ ದಾಟಿದರು. "ಮಲ್ಲಿಗೆ ಪೋಣಿಸ್ದಂಗೆ ಅದಲ್ಲ! ದಿನಾ ಇಂಗೇ ಬತ್ತದಾ?" ಅಂದರು. ಒಳ್ಳೆಯ ಯಂತ್ರ ಅತ್ತೆ, ಅದಕ್ಕೇ ಹಾಗೆ ಅಂದೆ.

"ಮುಂಚೆ ನಮ್ಮೂರಾಗೆ ಫ್ಯಾಟ್ ನೋಡಾಕೆ ಒಬ್ಬ ಇದ್ದ" ಎಂದು ಅವರು ಬೆರಳು ತೆಗೆಯದೆ ಹೇಳಿದರು. "ಒಂಬತ್ ದಿವ್ಸ ನನ್ ಕಾರ್ಡಿಗೆ ಒಂದೇ ನಂಬರ್ ಬರ್ದಿದ್ದ. ಅಲ್ಲ ಕಣಪ್ಪ, ಅಸ ಒಂದಿನ ಹಸ್ರುಲ್ ತಿಂತದೆ, ಒಂದಿನ ಒಣುಲ್ ತಿಂತದೆ, ಒಂದಿನ ನಾಯಿ ಬೊಗುಳ್ತು ಅಂತ ಬೆದ್ರ್ಕತದೆ. ಆಲು ದಿನಾ ಒಂದೇ ತರಾ ಎಂಗ್ ಬತ್ತದೆ? ನೀನು ಮಿಷಿನ್ಗೆ ಆಲೇ ಆಕಿಲ್ಲ ಅಂತ ಎಲ್ಲಾರ್ ಮುಂದ್ಲೂ ಇಡ್ಕಂಡೆ. ಒಪ್ಕಂಡ. ಮನೇಲಿ ಕುಂತು ಬರೀತಿದ್ನಂತೆ."

ತಮ್ಮಣ್ಣ ಹೋ ಎಂದು ನಕ್ಕ. ನಾನೂ ನಗಲು ನೋಡಿದೆ.

ಅತ್ತೆಯ ಬೆರಳು ಈಗ ಹಾಳೆಯ ಕೆಳಗಿನ ತಾರೀಖುಗಳ ಮೇಲೆ ಓಡುತ್ತಿತ್ತು. ಒಂದು ಕಡೆ ನಿಂತಿತು. ಅಲ್ಲಿಂದ ಮುಂದಕ್ಕೆ ಎರಡು ಮನೆ ಸರಿಯಿತು. ಮತ್ತೆ ಹಿಂದಕ್ಕೆ ಬಂತು.

"ಇವತ್ತು ಗುರ್ವಾರ ಅಲ್ವಾ?"

"ಹೌದು ಅತ್ತೆ."

"ಮತ್ತೆ ಶನಿವಾರದ್ದೂ ಚುಕ್ಕೆ ಅದಲ್ಲ? ನಾಡಿದ್ದು ಮಿಷಿನ್ನು ಏನ್ ಯೋಳ್ತದೆ ಅಂತ ನಿಮ್ಗೆ ಇವತ್ತೇ ಗೊತ್ತಾ?"

ಆಗ ನನ್ನ ಕೈಯಲ್ಲಿ ಸೂಜಿ ಇತ್ತು, ತಮ್ಮಣ್ಣನ ತೋಳಿತ್ತು. "ಲೇ, ಏನ್ಲಾ ಇದು!" ಎಂದು ತಮ್ಮಣ್ಣ ತೋಳು ಹಿಂದಕ್ಕೆ ಎಳೆದುಕೊಂಡ. "ಮೊದ್ಲು ಆ ಮಿಷಿನ್ಗೆ ಚುಚ್ಚು, ಆಮ್ಯಾಕೆ ನಂಗೆ ಚುಚ್ವಂತೆ."

ಎಷ್ಟೋ ವಾರಗಳ ಮೇಲೆ ಕಂಟ್ರೋಲಿನ ಸೀಸೆ ಫ್ರಿಜ್ಜಿನಿಂದ ಹೊರಗೆ ಬಂತು. ಆ ಅರ್ಧ ಗಂಟೆ ನಾನು ಪಟ್ಟ ಪಾಡು ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನವೂ ಪಟ್ಟಿರಲಿಲ್ಲ. ಯಂತ್ರ ಗುರುಗುಟ್ಟಿ ಕೊನೆಗೆ ಉತ್ತರ ಕೊಟ್ಟಿತು. ನೂರಿಪ್ಪತ್ತೆಂಟು. ಸೀಸೆ ಸರಿಯಾಗಿ ಅಲ್ಲಾಡಿಸಿರಲಿಲ್ಲವೇನೋ ಎಂದು ಇನ್ನೊಂದು ಸೀಸೆ ಬಿಚ್ಚಿ ಮತ್ತೆ ಹಾಕಿದೆ. ನೂರಿಪ್ಪತ್ತೇಳು. ನೂರು ಇರುವುದನ್ನು ನೂರಿಪ್ಪತ್ತೆಂಟು ಅನ್ನುವ ಯಂತ್ರ, ನೂರೈವತ್ತನ್ನು ನೂರ ತೊಂಬತ್ತು ಅನ್ನದೆ ಇನ್ನೇನು ಅಂದೀತು? ಆ ಚುಕ್ಕೆಯನ್ನು ಇಡೋಣವೆಂದರೆ ನನ್ನ ಅಂದದ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಒಂದೊಂದು ಎಸ್‌ಡಿಗೆ ಒಂದೊಂದು ಗೆರೆ ಎಳೆಯುತ್ತಾ ಮೇಲಕ್ಕೆ ಹೋಗಿದ್ದರೆ, ಅದು ಹಾಳೆ ದಾಟಿ, ಕ್ಯಾಲೆಂಡರು ಹತ್ತಿ, ಲಕ್ಷ್ಮಿಯ ಹಣೆಯಲ್ಲಿ ಕುಂಕುಮದ ಪಕ್ಕ ಹೋಗಿ ಕೂರಬೇಕಿತ್ತು.

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅತ್ತೆಗೆ ಸೂಜಿ ಇನ್ನೇನು ಶುರುವಾಗುವುದರಲ್ಲಿತ್ತು. ಬೇರೆ ಯಾರಿಗಾದರೂ ಆಗಲೇ ಶುರುವಾಗಿದ್ದರೆ? ಮೊದಲು ಡಾಕ್ಟರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಚೀಟಿ ನಂಬಿ ಅವರು ಇಬ್ಬರಿಗೆ ಮಾತ್ರೆ ಜಾಸ್ತಿ ಮಾಡಿದ್ದರಂತೆ. ಆ ಇಬ್ಬರಿಗೂ ಅವರೇ ಫೋನು ಮಾಡಿ ವಾಪಸು ಕರೆಸಿದರು. ಇಬ್ಬರೂ ಚೆನ್ನಾಗಿದ್ದಾರೆ ಎಂದು ತಿಳಿಯುವವರೆಗೆ ನಾನು ಫೋನಿನ ಪಕ್ಕದಿಂದ ಏಳಲಿಲ್ಲ.

ಯಂತ್ರದ ಒಳಗಿನ ಪುಟ್ಟ ದೀಪ ಹಳೆಯದಾಗಿ ಮಂಕಾಗಿತ್ತು. ದಿನದಿಂದ ದಿನಕ್ಕೆ ಇಷ್ಟಿಷ್ಟೇ ಕೆಟ್ಟಿದೆ. ದಿನಾ ನಿಜವಾದ ಚುಕ್ಕೆ ಇಟ್ಟಿದ್ದರೆ ಒಂದೇ ಕಡೆ ಹತ್ತುತ್ತಾ ಹೋದದ್ದು ಎರಡನೇ ವಾರಕ್ಕೇ ಎದ್ದು ಕಾಣುತ್ತಿತ್ತು. ಬೀರುವಿನಲ್ಲಿ ಹೊಸ ದೀಪ ಇತ್ತು. ಅದನ್ನು ಹಾಕಿ, ಯಂತ್ರಕ್ಕೆ ಅ ಆ ಇ ಈಯಿಂದ ಮತ್ತೆ ಪಾಠ ಹೇಳಿ ಮುಗಿಸುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅತ್ತೆಯ ರಕ್ತವನ್ನೂ ತಮ್ಮಣ್ಣನ ರಕ್ತವನ್ನೂ ಮೊದಲೇ ತೆಗೆದಿಟ್ಟುಕೊಂಡು, ತಿಂಡಿ ತಿಂದು ಬನ್ನಿ ಅಂದೆ. ತಮ್ಮಣ್ಣ ಹೋಗಿ ಇಡ್ಲಿ ತಿಂದು ಬಂದ. ಅತ್ತೆ ಜಗ್ಗಲಿಲ್ಲ. "ಒತ್ತು ಮುಳುಗಿದ್ರೂ ಸರಿ, ಕುಂತಿರ್ತೀನಿ. ಕಳ್ಳಿ ಅನ್ನಿಸ್ಕಂಡು ಉಣ್ಣಾಕಿಲ್ಲ" ಅಂದರು.

ಆ ಹೊತ್ತಿನಲ್ಲಿ ಬಂದ ಬೇರೆ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ನಾನು ಒಂದು ಕಡೆ ಯಂತ್ರ ನೋಡುತ್ತಾ, ಇನ್ನೊಂದು ಕಡೆ ಹಿಂದಿನ ವಾರಗಳ ರೋಗಿಗಳಿಗೆ ಫೋನು ಮಾಡತೊಡಗಿದೆ. "ನಮಸ್ಕಾರ, ಕೆಲವು ತಾಂತ್ರಿಕ ಕಾರಣಗಳಿಂದ ತಮ್ಮ ವರದಿಯನ್ನು..." ಎಂದು ಶುರು ಮಾಡಿದೆ. ಪಕ್ಕದಲ್ಲಿ ಕೂತ ಅತ್ತೆ ಮೆಲ್ಲಗೆ, "ಅದೇನ್ ಅಂಗಂದ್ರೆ? ತಪ್ಪು ನಂದು ಅನ್ನಿ. ಅವ್ರ್ಗೆ ಅರ್ಥ ಆಯ್ತದೆ" ಅಂದರು. ಹಾಗೇ ಅಂದೆ. ಅರ್ಥವಾಯಿತು. ನಾಗಮಂಗಲದ ಕಡೆಯವರೊಬ್ಬರು, ತಂಗಿಯ ಮನೆ ಗೃಹಪ್ರವೇಶದಲ್ಲಿ ನಾನು ಒಬ್ಬಟ್ಟು ಮುಟ್ಟದೆ ಬಂದೆನಲ್ಲಯ್ಯ, ಆ ಒಬ್ಬಟ್ಟು ಈಗ ಯಾರು ತಂದುಕೊಡುತ್ತಾರೆ ಎಂದು ಅಳುವುದೊಂದು ಬಾಕಿ. ಹೊಸಹೊಳಲಿನ ಒಬ್ಬ ಹೆಂಗಸು ಮಾತ್ರ, ಹೋಗಲಿ ಬಿಡಣ್ಣ, ಈ ನೆಪದಲ್ಲಾದರೂ ನಮ್ಮನೆಯವರು ದಿನಾ ಕೆರೆ ಏರಿ ಮೇಲೆ ನಡೆದರು ಎಂದು ನನ್ನನ್ನು ಹರಸಿದರು. ಎಲ್ಲರಿಗೂ ಮತ್ತೆ ಬರಲು ಹೇಳಿದೆ.

ಹೊಸ ದೀಪಕ್ಕೆ ಕಂಟ್ರೋಲು ಹಾಕಿದೆ. ನೂರೊಂದು. ಇನ್ನೊಮ್ಮೆ ಹಾಕಿದೆ. ತೊಂಬತ್ತೊಂಬತ್ತು. ಆಮೇಲೆ ಅತ್ತೆಯ ರಕ್ತ. ಮೂವರೂ ಯಂತ್ರದ ಮೇಲೆ ಬಗ್ಗಿ ನೋಡುತ್ತಿದ್ದೆವು. ನೂರ ನಲವತ್ತೆಂಟು. ಸೂಜಿ ಬೇಕಾಗಿಲ್ಲ ಎಂದು ಡಾಕ್ಟರು ಫೋನಿನಲ್ಲೇ ಹೇಳಿದರು. ತಮ್ಮಣ್ಣನ ಸಕ್ಕರೆಯೂ ಇಳಿದೇ ಬಂತು. ಅತ್ತೆ ತಮ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ನಾನು ಅವರ ಮುಂದೆ ನಿಂತು, "ಅತ್ತೆ, ನೀವು ಗೌರಿ ಮೇಲೆ ಆಣೆ ಇಟ್ಟರೂ ನಾನು ನಂಬಲಿಲ್ಲ. ತಪ್ಪಾಯಿತು" ಅಂದೆ. ಇಷ್ಟು ವರ್ಷದಲ್ಲಿ ನಾನು ಅತ್ತೆಗೆ ತಪ್ಪಾಯಿತು ಎಂದದ್ದು ಅದೇ ಮೊದಲು.

"ಬುಡಿ, ನೀವೇನ್ ಬೇಕಂತ ಮಾಡಿದ್ರಾ" ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಬೇಕಂತಲೇ ಮಾಡಿದ್ದೆ. ಅದು ಅವರಿಗೂ ಗೊತ್ತಿತ್ತು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಅಳಿಮಯ್ಯ, ಎಂಗೂ ಬೆಳಗ್ಗಿಂದ ನೀವೂ ಏನೂ ತಿಂದಿಲ್ಲ. ನಿಮ್ದೂ ಒಂದ್ ಕಿತ ನೋಡ್ಬುಡಿ" ಅಂದರು.

ಇಷ್ಟು ವರ್ಷ ತಾಲ್ಲೂಕಿನ ರಕ್ತವನ್ನೆಲ್ಲ ಪರೀಕ್ಷೆ ಮಾಡಿದವನು ನನ್ನ ರಕ್ತವನ್ನು ಒಮ್ಮೆಯೂ ನೋಡಿರಲಿಲ್ಲ. ಯಂತ್ರ ಸರಿಯಾಗಿದೆ ಎಂದು ಅವರಿಗೆ ಇನ್ನಷ್ಟು ಖಾತ್ರಿಯಾಗಲಿ ಎಂದು ಅಂಗಿಯ ತೋಳು ಮಡಚಿ ರಕ್ತ ತೆಗೆದು ಹಾಕಿದೆ. ಇನ್ನೂರ ಹನ್ನೊಂದು.

"ಯಂತ್ರ ಇನ್ನೂ ಪೂರ್ತಿ ಸರಿಹೋಗಿಲ್ಲ ಅತ್ತೆ" ಅಂದೆ.

"ಕಂಟ್ರೋಲ್ ಆಕ್ಲಾ" ಅಂದ ತಮ್ಮಣ್ಣ.

ಹಾಕಿದೆ. ಕಂಟ್ರೋಲು ಕೆಟ್ಟು ಬರಲಿ ಎಂದು ಲಕ್ಷ್ಮಿಯ ಕ್ಯಾಲೆಂಡರಿಗೆ ಕೈಮುಗಿದ ಲ್ಯಾಬಿನವನೂ ನಾನೊಬ್ಬನೇ ಇರಬೇಕು. ನೂರು ಬಂತು. ಮೇಲೊಂದಿಲ್ಲ, ಕೆಳಗೊಂದಿಲ್ಲ. ಕರಾರುವಾಕ್ಕಾಗಿ ನೂರು. ನನ್ನ ರಕ್ತವನ್ನು ಮತ್ತೆ ಹಾಕಿದೆ. ಇನ್ನೂರ ಒಂಬತ್ತು.

"ಏನ್ ತಿಂತಿದೀರಿ, ನಿಜ ಯೋಳಿ" ಅಂದರು ಅತ್ತೆ. ನನ್ನದೇ ಮಾತು, ನನ್ನದೇ ಗತ್ತು. ಕಾಲಿನ ಮೇಲೆ ಕಾಲು ಹಾಕಿರಲಿಲ್ಲ, ಅಷ್ಟೆ.

"ಏನೂ ಇಲ್ಲ ಅತ್ತೆ. ಗೌರಿ ಮೇಲಾಣೆ."

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಕೆಳಗಿನ ಬೇಕರಿಯವರು ಪೇಪರಿನಲ್ಲಿ ಸುತ್ತಿದ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏನ್ ಸಾ, ಇವತ್ತು ಕೆಳಗೆ ಬರ್ಲೇ ಇಲ್ಲ? ನಿಮ್ ದಿನದ ದಿಲ್‌ಪಸಂದ್ ಎತ್ತಿಟ್ಟಿದ್ದೆ, ಯಾರ್ಗೂ ಕೊಟ್ಟಿಲ್ಲ" ಎಂದು ಪ್ರೀತಿಯಿಂದ ಅದನ್ನು ಯಂತ್ರದ ಪಕ್ಕ ಇಟ್ಟು ಹೋದರು. ತಮ್ಮಣ್ಣ ಬೆಂಚಿನ ಮೇಲೆ ಉರುಳಿ ಉರುಳಿ ನಕ್ಕ. ಅತ್ತೆ ನಗಲಿಲ್ಲ. "ಪಾಪದ ಅಸ, ಅದ್ರ ಮ್ಯಾಲಾದ್ರೂ ಸುಳ್ಳಾಣೆ ಇಡ್ಬೇಡಿ" ಅಂದರು.

ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಅತ್ತೆಗೆ ಇಡೀ ಮುದ್ದೆ, ಮೇಲೆ ಅವರೆಕಾಳಿನ ಸಾರು. ನನ್ನ ತಟ್ಟೆಗೆ ಸವಿತ ಅರ್ಧ ಮುದ್ದೆ ಹಾಕಿ, "ಸರಾಸರಿ ಸರಿಹೋಯ್ತಲ್ಲ" ಅಂದಳು. ಆ ಸರಾಸರಿಯನ್ನೇ ಉಂಡೆ.

ಈಗ ಲ್ಯಾಬಿನ ಗೋಡೆಯ ಮೇಲೆ ಹೊಸ ಹಾಳೆ ಇದೆ. ಮೊದಲಿನಷ್ಟು ಅಂದವಾಗಿಲ್ಲ. ಚುಕ್ಕೆಗಳು ಒಂದು ದಿನ ತೊಂಬತ್ತಾರಕ್ಕೆ ಇಳಿಯುತ್ತವೆ, ಒಂದು ದಿನ ನೂರ ನಾಲ್ಕಕ್ಕೆ ಹಾರುತ್ತವೆ. ಎಸ್‌ಡಿ ಮತ್ತೆ ಮೂರಕ್ಕೆ ಬಂದಿದೆ. ಅತ್ತೆ ಬಂದಾಗ ಮೊದಲು ಹಾಳೆಯ ಮುಂದೆ ನಿಂತು, ಇವತ್ತಿನವರೆಗೆ ಮಾತ್ರ ಚುಕ್ಕೆ ಇದೆಯೇ ಎಂದು ಬೆರಳಿಟ್ಟು ನೋಡಿ ಆಮೇಲೆಯೇ ಕೈ ಚಾಚುತ್ತಾರೆ. ಬೆಂಚಿನ ಮೇಲಿನವರು ಬೈದರೂ ಅರ್ಧ ಗಂಟೆ ಕಾಯಿಸುತ್ತೇನೆ. ಬನ್ನಿನ ವಾಸನೆ ಈಗಲೂ ಬರುತ್ತದೆ. ಅವರಿಗಿಂತ ಹೆಚ್ಚು ಈಗ ಅದು ನನ್ನನ್ನು ಕಾಡುತ್ತದೆ.

ಇನ್ನೊಂದು ಗ್ರಾಫ್ ಹಾಳೆ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಿಗೆ ಅಂಟಿದೆ. ಅದು ನನ್ನ ಸಕ್ಕರೆಯದ್ದು. ಅತ್ತೆಯೇ ಸವಿತಳಿಗೆ ಹೇಳಿ ಹಾಕಿಸಿದ್ದು. ಮೊದಲ ಚುಕ್ಕೆ ತುತ್ತತುದಿಯಲ್ಲಿದೆ. ಆಮೇಲಿನವು ಒಂದಿಷ್ಟು ಇಳಿದು, ಒಂದಿಷ್ಟು ಹತ್ತಿ, ಅಂತೂ ಕೆಳಗಿನ ದಾರಿ ಹುಡುಕುತ್ತಿವೆ. ದಿನಾ ಬೆಳಗ್ಗೆ ಕಾಫಿಗೆ ಕಾಯುತ್ತಾ ಅದರ ಮುಂದೆ ನಿಲ್ಲುತ್ತೇನೆ. ಮುಂದಿನ ಖಾಲಿ ಮನೆಗಳನ್ನು ನೋಡಿದಾಗ ಕೈ ತುರಿಸುತ್ತದೆ. ಶನಿವಾರದವರೆಗೆ ನೂರಹತ್ತು, ನೂರೆಂಟು, ನೂರಹನ್ನೊಂದು ಎಂದು ಎಷ್ಟು ಒಪ್ಪವಾಗಿ ಇಡಬಹುದು ಅನ್ನಿಸುತ್ತದೆ. ಆದರೆ ಪೆನ್ನು ಸವಿತಳ ಹತ್ತಿರ ಇರುತ್ತದೆ.